ವಿನ್ನಿ ಸಂಟರ್ ಟಗರು ಬಿಟ್ಟ ವರ್ಷ

ಗುಡ್ಡದ ಬುಡದ ನಮ್ಮ ಪೇಟೆ ಆಸ್ಕರ್‌ಬಿಯಲ್ಲಿ ಎಲೆ ಉದುರಿದ್ದನ್ನು ನೋಡಿ ಯಾರೂ ಕಾಲ ತಿರುಗಿತು ಅನ್ನುವುದಿಲ್ಲ. ಎಲೆ ಉದುರುತ್ತದೆ, ಇಲ್ಲ ಅಂದವರು ಯಾರು? ಬೇಲಿಸಾಲಿನ ಕಪ್ಪು ಹಣ್ಣು ಕಿತ್ತು ಹೆಂಗಸರು ಜಾಮ್ ಕಾಯಿಸುತ್ತಾರೆ. ತಂತಿಯ ಮೇಲೆ ಸಾಲಾಗಿ ಕೂತ ಕವಲುಬಾಲದ ಹಕ್ಕಿಗಳು ಒಂದು ಬೆಳಗ್ಗೆ ಹೇಳದೆ ಕೇಳದೆ ಹೊರಟುಹೋಗುತ್ತವೆ. ಗುಡ್ಡದ ಜರಿಗಿಡ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಪೇಟೆಯ ಹುಡುಗರು ನವೆಂಬರ್ ಐದರ ಬೆಂಕಿ ಹಬ್ಬಕ್ಕೆಂದು ಕಂಡಕಂಡವರ ಹಿತ್ತಲಿಂದ ಮುರಿದ ಕುರ್ಚಿ, ಹಳೆ ಬಾಗಿಲು ಎಳೆದುಕೊಂಡು ಹೋಗುತ್ತಾರೆ, ಬೈದರೆ ಹಲ್ಲು ಕಿರಿಯುತ್ತಾರೆ. ಇದೆಲ್ಲ ಎಲ್ಲ ಊರಲ್ಲೂ ಇರುವಂಥದ್ದೇ. ನಮ್ಮ ಜನ ನೋಡುವುದು ಗುಡ್ಡದ ಕುರಿಗಳ ಬೆನ್ನನ್ನು.

ನವೆಂಬರ್ ಹುಟ್ಟುತ್ತಲೇ ಮೇಲಿನ ಮನೆಗಳವರು ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಬಣ್ಣ ಮೆತ್ತಿ ಮಂದೆಗೆ ಬಿಡುತ್ತಾರೆ. ಟಗರು ಹತ್ತಿದ ಕುರಿಯ ಬೆನ್ನಿಗೆ ಬಣ್ಣ ಹತ್ತುತ್ತದೆ. ಯಾವ ಕುರಿ ಗಬ್ಬವಾಯಿತು, ಯಾವುದು ಇನ್ನೂ ಇಲ್ಲ ಅಂತ ದೂರದಿಂದಲೇ ತಿಳಿಯಲಿ ಅಂತ ಈ ಏರ್ಪಾಟು. ಒಂದೊಂದು ಮನೆಗೆ ಒಂದೊಂದು ಬಣ್ಣ. ಸಂಟರ್ ಮನೆಯದು ಕೆಂಪು, ಗೋಡೆಯಾಚೆಯ ಹಾರ್ಕರ್ ಮನೆಯದು ನೀಲಿ. ಗುರುವಾರ ಸಂತೆಗೆ ಬಂದವರು ಸಂತೆಕಟ್ಟೆಯ ಮೆಟ್ಟಿಲ ಮೇಲೆ ನಿಂತು ಕತ್ತೆತ್ತಿದರೆ ಸಾಕು, ಯಾರ ಮನೆ ಹೇಗೆ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಪತ್ರಿಕೆ ಓದುವವರಿಗಿಂತ ಗುಡ್ಡ ಓದುವವರು ನಮ್ಮಲ್ಲಿ ಹೆಚ್ಚು.

ಆ ವರ್ಷ ಹಾರ್ಕರನ ಕಡೆ ನೀಲಿ ಚೆನ್ನಾಗಿ ಏರಿತ್ತು. ಸಂಟರ್ ಗುಡ್ಡ ಮಾತ್ರ ಬೆಳ್ಳಗೆ ಹಾಗೇ ಇತ್ತು. ಎಡ್ಮಂಡ್ ಸಂಟರ್ ಬೇಸಗೆಯಿಂದ ಹಾಸಿಗೆ ಹಿಡಿದಿದ್ದಾನೆ ಅಂತ ಎಲ್ಲರಿಗೂ ಗೊತ್ತು. ಅವನ ಹೆಂಡತಿ ವಿನ್ನಿ ಮೊಟ್ಟೆ ಮಾರಲು ಇಳಿದು ಬಂದಾಗ ಜನ ಮಳೆಯ ವಿಚಾರ ಮಾತಾಡಿದರು, ಗಾಳಿಯ ವಿಚಾರ ಮಾತಾಡಿದರು, ಟಗರಿನ ಸುದ್ದಿ ಎತ್ತಲಿಲ್ಲ. ನಮ್ಮವರೇ ಹಾಗೆ. ಹೊಟ್ಟೆಯಲ್ಲಿ ಏನು ಕುದಿಯುತ್ತಿದೆಯೋ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಆಡುತ್ತಾರೆ.

ಈ ವಿನ್ನಿ ಗುಡ್ಡದ ಹುಡುಗಿಯಲ್ಲ. ಸಂತೆಕಟ್ಟೆಯ ಎದುರು ಗುಂಡಿ, ದಾರ, ರಿಬ್ಬನ್ ಮಾರುವ ಅಂಗಡಿ ಅವಳಪ್ಪನದು. ಕಪಾಟಿನ ಮುಂದೆ ನಿಂತು ರಿಬ್ಬನ್ ಅಳೆದು ಕತ್ತರಿಸುತ್ತಿದ್ದವಳು. ಎಡ್ಮಂಡ್ ಕೋಟಿಗೆ ಗುಂಡಿ ಬೇಕು ಅಂತ ಒಂದು ಗುರುವಾರ ಬಂದ, ಮುಂದಿನ ಗುರುವಾರವೂ ಬಂದ, ಆಮೇಲೂ ಬಂದ. "ಅದೆಷ್ಟು ಗುಂಡಿ ಇಟ್ಟಿದ್ದೀಯಪ್ಪಾ ನಿನ್ನ ಕೋಟಿಗೆ?" ಅಂತ ಅವಳಪ್ಪ ಕೇಳಿದ್ದಕ್ಕೆ ಎಡ್ಮಂಡ್ ಕಿವಿ ತುದಿವರೆಗೂ ಕೆಂಪಾಗಿ, "ಗುಂಡಿ ಸಾಕಾಯ್ತು, ಹುಡುಗೀನ ಕೊಟ್ರೆ ಹೋಗ್ತೀನಿ" ಅಂದನಂತೆ. ನಡೆದದ್ದೋ ಪೇಟೆಯವರು ಕಟ್ಟಿದ್ದೋ, ವಿನ್ನಿ ಎಂದೂ ಇಲ್ಲ ಅನ್ನಲಿಲ್ಲ. ಮದುವೆಯ ದಿನ ಪೇಟೆ ಹೆಂಗಸರು ಚರ್ಚಿನ ಬಾಗಿಲಲ್ಲೇ, "ರಿಬ್ಬನ್ ಕೈ ಕಣೇ ಅದು, ಒಂದು ಚಳಿಗಾಲ ತಡೀಲಿ ನೋಡೋಣ" ಅಂತ ಮಾತಾಡಿಕೊಂಡರು.

ಚಳಿಗಾಲ ತಡೆದಳು. ತಡೆಯಲಾಗದೆ ಹೋದದ್ದು ಏಪ್ರಿಲ್. ಕುರಿ ಈಯುವ ಕಾಲ. ಎಡ್ಮಂಡ್ ಮೇಲಿನ ಬಯಲಲ್ಲಿದ್ದ, ಮನೆ ಹತ್ತಿರ ಒಂದು ಕುರಿ ನೋವು ತಿನ್ನುತ್ತಾ ಬಿದ್ದಿತ್ತು, ಒಳಗೆ ಮರಿ ಅಡ್ಡ ತಿರುಗಿತ್ತು. "ಕೈ ಹಾಕು" ಅಂದರು ಅತ್ತೆ. ವಿನ್ನಿ ಕೈ ಹಾಕಿದಳು. ಗಾಬರಿಯಲ್ಲಿ ಏನು ಎಳೆದಳೋ ಏನು ತಿರುಚಿದಳೋ, ಕುರಿಯೂ ಉಳಿಯಲಿಲ್ಲ, ಮರಿಯೂ ಉಳಿಯಲಿಲ್ಲ. ಯಾರೂ ಬೈಯಲಿಲ್ಲ. ಅತ್ತೆ, "ಆಗುತ್ತೆ" ಅಂದು ಒಳಗೆ ಹೋದರು. ಅವತ್ತಿನಿಂದ ಅವಳು ಈಯುವ ಕುರಿಯ ಹತ್ತಿರ ಸುಳಿಯಲಿಲ್ಲ. ತಬ್ಬಲಿ ಮರಿಗಳಿಗೆ ಬಾಟಲಿ ಹಾಲು ಕುಡಿಸಿದಳು, ಉಣ್ಣೆ ಸುತ್ತಿದಳು, ಹುಲ್ಲು ಒಣಗಿಸಿದಳು, ಕೋಳಿ ಸಾಕಿದಳು. ಕುರಿಗೆ ಕೈ ಹಾಕುವುದು ಎಡ್ಮಂಡನ ಪಾಲಿಗೆ ಬಿತ್ತು. ಅದರ ಬಗ್ಗೆ ಒಂದು ಮಾತೂ ಆಡದೆ ಇಬ್ಬರೂ ಮೂವತ್ತು ವರ್ಷದ ಮೇಲೆ ಬಾಳಿದರು. ಮಕ್ಕಳಾಗಲಿಲ್ಲ. ಅದರ ಬಗ್ಗೆಯೂ ಆಡಲಿಲ್ಲ.

ಈ ವರ್ಷ ಬೇಸಗೆಯ ಹುಲ್ಲು ಕೊಯ್ಲಿನ ಹೊತ್ತಿಗೆ ಎಡ್ಮಂಡನಿಗೆ ಅನ್ನ ಸೇರದಾಯಿತು. ಹೊಟ್ಟೆಯಲ್ಲಿ ಗಂಟು ಅಂದರು ದೊಡ್ಡಾಸ್ಪತ್ರೆಯಲ್ಲಿ. ಅಲ್ಲಿನ ಡಾಕ್ಟರು ಮುಚ್ಚುಮರೆ ಮಾಡದೆ ಇಬ್ಬರನ್ನೂ ಕೂರಿಸಿಕೊಂಡು, ವಸಂತ ಕಾಣುವುದು ಕಷ್ಟ ಅಂತ ಹೇಳಿದರು. ವಾಪಸು ಬರುವ ಬಸ್ಸಿನಲ್ಲಿ ವಿನ್ನಿ, "ಡಾಕ್ಟರಿಗೇನು ಗೊತ್ತು? ಏಪ್ರಿಲ್‌ಗೆ ನೀನು ಎದ್ದು ಓಡಾಡ್ತಿರ್ತೀಯ ನೋಡ್ತಿರು" ಅಂದಳು. ಎಡ್ಮಂಡ್ ಹೂಂ ಅಂದ. ಅಲ್ಲಿಂದ ಮುಂದೆ ದಿನಾ ಗಂಜಿ ಕೊಡುವಾಗ, ದಿಂಬು ಸರಿಮಾಡುವಾಗ ಅದೇ ಮಾತು, ಅದೇ ಹೂಂ. ಅವಳಿಗೆ ಅದರಲ್ಲಿ ನಂಬಿಕೆ ಇತ್ತೇ ಅಂದರೆ, ಒಂದು ಚೂರೂ ಇರಲಿಲ್ಲ. ಆಡುವುದನ್ನು ನಿಲ್ಲಿಸಿದರೆ ಏನಾಗಿಬಿಡುತ್ತದೋ ಅನ್ನುವ ಭಯ ಇತ್ತು.

ಮೆಟ್ಟಿಲು ಹತ್ತಲಾಗದೆ ಅವನ ಮಂಚ ಕೆಳಗಿನ ಮುಂಗೋಣೆಗೆ ಬಂತು. ಅಲ್ಲಿಂದ ಕಾಣುವುದು ಪೇಟೆ, ಅದರ ಹೊಗೆ, ನದಿ. ಗುಡ್ಡ ಹಿಂದಾಯಿತು. ಹಿತ್ತಲ ದೊಡ್ಡಿಯಲ್ಲಿ ಟಗರು ಗೇಟಿಗೆ ತಲೆ ಗುದ್ದುವ ಸದ್ದು ಮಾತ್ರ ಕೇಳುತ್ತಿತ್ತು. ಆ ಟಗರಿನ ಹೆಸರು ಬಿಷಪ್. ಎಡ್ಮಂಡನ ಎಲ್ಲ ಟಗರುಗಳೂ ಬಿಷಪ್‌ಗಳೇ, ಅವನಿಗೆ ಚರ್ಚಿನ ಬಿಷಪ್ಪರನ್ನು ಕಂಡರೆ ಅಷ್ಟಕ್ಕಷ್ಟೆ.

"ಬಿಷಪ್ಪನ್ನ ಬಿಡೋದು ಯಾವಾಗ?" ಅಂತ ವಿನ್ನಿ ಕೇಳಿದಳು. "ಹಾರ್ಕರ್ ಆಗ್ಲೇ ಬಿಟ್ಟಾಯ್ತು."

"ಬರೋ ವಾರ ನೋಡೋಣ ಹುಡುಗೀ." ನಮ್ಮ ಕಡೆ ಗಂಡಸರು ಅರವತ್ತು ಹತ್ತಿರವಾದ ಹೆಂಡತಿಯನ್ನೂ ಹುಡುಗಿ ಅಂತಲೇ ಕರೆಯುವುದು.

ಬರುವ ವಾರ ಬಂದಾಗ ಮತ್ತೆ ಬರುವ ವಾರ ಅಂದ. ಅವನಿಗೆ ನಿತ್ರಾಣ, ಯೋಚನೆ ಮಾಡಲು ಆಗುತ್ತಿಲ್ಲ ಅಂದುಕೊಂಡಳು ವಿನ್ನಿ. ಬೆಂಕಿ ಹಬ್ಬ ಕಳೆಯಿತು. ಪೇಟೆಯಲ್ಲಿ ಎದ್ದ ಬೆಂಕಿ ಮುಂಗೋಣೆಯ ಗಾಜಿನ ಮೇಲೆ ಕೆಂಪಗೆ ಆಡಿತು. ಶುಂಠಿ ಬೆಲ್ಲದ ಕೇಕು ಒಂದು ತುಂಡು ಬಾಯಿಗಿಟ್ಟುಕೊಂಡು ಎಡ್ಮಂಡ್ ಉಗುಳಿಬಿಟ್ಟ.

ಅದರ ಮುಂದಿನ ಗುರುವಾರ ವಿನ್ನಿ ಮೊಟ್ಟೆಬುಟ್ಟಿ ತೆಗೆದುಕೊಂಡು ಸಂತೆಗೆ ಇಳಿದಳು. ಅವತ್ತು ಜನ ಯಾಕೋ ಅತಿಯಾಗಿ ಒಳ್ಳೆಯವರಾಗಿದ್ದರು. ಮಾಂಸದಂಗಡಿಯ ಡಾಸನ್, ತೂಕದಲ್ಲಿ ಒಂದು ಎಳೆ ಹೆಚ್ಚು ಕೊಡದ ಮನುಷ್ಯ, ಒಂದು ಮೂಳೆ ಸುಮ್ಮನೆ ಕಟ್ಟಿಕೊಟ್ಟು, "ಸಾರು ಮಾಡಿ ಮಿಸೆಸ್ ಸಂಟರ್. ನೀವು ಮಾಡಿದ್ದು ಸರಿಯಾಯ್ತು ಬಿಡಿ" ಅಂದ. ಏನು ಸರಿಯಾಯ್ತು ಅಂತ ಕೇಳುವಷ್ಟರಲ್ಲಿ ಬೇರೆ ಗಿರಾಕಿ ಬಂದರು. ಯಾರೋ ದಾರಿಯಲ್ಲಿ ತೋಳು ಸವರಿ ಹೋದರು. ಅವಳಿಗೆ ತಲೆಬುಡ ತಿಳಿಯಲಿಲ್ಲ.

ಪಕ್ಕದಲ್ಲಿ ಬೆಣ್ಣೆ ಮಾರುವ ನೆಲ್ಲಿ ಪ್ರಾಟ್ ಅವಳ ಶಾಲೆ ಕಾಲದ ಗೆಳತಿ, ಬಾಯಿಗೆ ಬೀಗ ಇಲ್ಲದವಳು. ಅವಳೇ ಶುರುಮಾಡಿದಳು. "ನೀನೇನು ಮುಖ ಸಣ್ಣ ಮಾಡ್ಕೋಬೇಡ ಕಣೇ. ಹಾರ್ಕರನ ಬಾಯಿ ಹೊಲಸು, ನಿಜ. ಆದ್ರೆ ಕುರಿನ ಚೆನ್ನಾಗಿ ನೋಡ್ಕೊಳ್ತಾನೆ."

"ಯಾವ ಕುರಿ?"

"ಇದೊಳ್ಳೆ ಕತೆ. ನಿನ್ನವೇ! ಊರಿಗೆಲ್ಲ ಕಾಣ್ತಾ ಇದೆ, ನನ್ನ ಹತ್ರ ಯಾಕೆ ಮುಚ್ಚಿಡ್ತೀಯ? ಹೋಗಿ ಮೆಟ್ಲ ಮೇಲೆ ನಿಂತು ನೋಡು."

ವಿನ್ನಿ ಸಂತೆಕಟ್ಟೆಯ ಮೆಟ್ಟಿಲು ಹತ್ತಿ ನಿಂತಳು. ಅವಳ ಅಡುಗೆಮನೆಯಿಂದ ಗುಡ್ಡದ ಬುಡ ಮಾತ್ರ ಕಾಣುತ್ತದೆ, ಮೇಲಿನ ಗೋಡೆ ಹತ್ತಿರ ಮೇಯುವ ಕುರಿ ಕಾಣುವುದಿಲ್ಲ. ಇಲ್ಲಿಂದ ಎಲ್ಲ ನಿಚ್ಚಳ. ಗೋಡೆಯ ಈಚೆ, ಅವಳ ಗುಡ್ಡದಲ್ಲಿ, ಅವಳ ಕುರಿಗಳಲ್ಲಿ ನಾಲ್ಕಾರರ ಬೆನ್ನು ನೀಲಿಯಾಗಿತ್ತು. ಸಂಟರ್ ಕುರಿಯ ಮೇಲೆ ಹಾರ್ಕರ್ ಬಣ್ಣ ಕಂಡ ಮೇಲೆ ಪೇಟೆ ಇನ್ನೇನು ಅಂದುಕೊಳ್ಳಬೇಕು? ಮಂದೆ ಕೈ ಬದಲಾಯಿತು ಅಂತ ಓದಿಕೊಂಡುಬಿಟ್ಟಿತ್ತು.

ಮೊದಲು ಅವಳಿಗೆ ನಗು ಬಂತು. ಹಾರ್ಕರನ ಟಗರು ಗೋಡೆ ಹಾರಿದೆ, ಅಷ್ಟೆ. ನೇರ ಕುರಿ ಹರಾಜಿನ ಅಂಗಳಕ್ಕೆ ಹೋದಳು. ಹಾರ್ಕರ್ ಅಡ್ಡಗಂಬಕ್ಕೆ ಒರಗಿಕೊಂಡು ಬೇರೆಯವರ ಕುರಿಗಳನ್ನು ಹಳಿಯುತ್ತಾ ನಿಂತಿದ್ದ.

"ಏನಯ್ಯಾ ಹಾರ್ಕರ್, ನಿನ್ನ ಟಗರಿಗೆ ಮನೇಲಿರೋ ಹೆಂಡ್ತೀರು ಸಾಲ್ದೇನು?"

ಅಕ್ಕಪಕ್ಕದವರು ಕಿಸಕ್ಕೆಂದರು. ಹಾರ್ಕರ್ ಮಾತ್ರ ನಗಲಿಲ್ಲ. ಅವಳನ್ನು ಪಕ್ಕಕ್ಕೆ ಕರೆದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನು ಟೋಪಿ ತೆಗೆದದ್ದನ್ನು ನೋಡಿಯೇ ವಿನ್ನಿಗೆ ಏನೋ ಸರಿಯಿಲ್ಲ ಅನ್ನಿಸಿತು.

"ಗೋಡೆ ಒಂದು ಕಡೆ ಕುಸಿದಿದೆ ವಿನ್ನಿ. ನನ್ನವನು ಎರಡು ದಿನ ನಿಮ್ಮ ಕಡೆ ಇದ್ದ. ನಿನ್ನೆ ಎಳ್ಕೊಂಡು ಬಂದೆ. ಎಡ್ಮಂಡ್‌ಗೆ ಹೇಳು, ಬೇಕಂತ ಬಿಟ್ಟಿದ್ದಲ್ಲ. ಈ ವರ್ಷ ಕುರಿ ಖಾಲಿ ಇರ್ಲಿ ಅಂದಿದ್ದ, ನಂಗೆ ನೆನಪಿದೆ."

"ಖಾಲಿ ಇರ್ಲಿ ಅಂದ್ನಾ? ಯಾವಾಗ?"

ಹಾರ್ಕರ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ಅವನು ನಿಂಗೆ ಹೇಳಿಲ್ವಾ? ಸೆಪ್ಟೆಂಬರ್‌ನಲ್ಲಿ ನನ್ನ ಕರೆಸಿದ್ದ, ನೀನು ಸಂತೆಗೆ ಹೋಗಿದ್ದೆ. ಏಪ್ರಿಲ್ ಕಳೆದ ಮೇಲೆ ಮಂದೆ ನೀನೇ ತಗೋ ಅಂದ. ಕೈ ಕುಲುಕಿದ್ವಿ. ಅವು ಇದ್ದಲ್ಲೇ ಇರ್ತವೆ, ನಾನು ನೋಡ್ಕೊಳ್ತೀನಿ. ಗಬ್ಬದ ಕುರಿ ಇದ್ರೆ ಏಪ್ರಿಲ್‌ನಲ್ಲಿ ನಿನ್ನ ತಲೆ ಮೇಲೆ ಬರುತ್ತೆ, ಅದಕ್ಕೆ ಟಗರು ಬಿಡೋದೇ ಬೇಡ ಅಂತ ಅವನೇ ಅಂದಿದ್ದು. ವಿನ್ನಿಗೆ ಅದಾಗಲ್ಲ ಅಂದ."

ವಿನ್ನಿ ಆಯ್ತು ಅಂದಳು. ಬುಟ್ಟಿಯಲ್ಲಿ ಉಳಿದ ಮೊಟ್ಟೆಗಳನ್ನು ನೆಲ್ಲಿಯ ಮುಂದೆ ಇಟ್ಟು ಮನೆ ದಾರಿ ಹಿಡಿದಳು. ಏರಿನಲ್ಲಿ ನಡೆಯುತ್ತಾ ಅವಳಿಗೆ ಬಂದದ್ದು ಅಳು ಅಲ್ಲ, ಸಿಟ್ಟು. ಊರಿಗೆಲ್ಲ ಗೊತ್ತು, ಹಾರ್ಕರನಿಗೆ ಗೊತ್ತು, ಡಾಸನ್ ಮೂಳೆ ಕಟ್ಟಿಕೊಡುತ್ತಾನೆ, ಒಂದೇ ಮನೆಯಲ್ಲಿರುವ ತನಗೆ ಗೊತ್ತಿಲ್ಲ. ಇಷ್ಟು ವರ್ಷ ಆದ ಮೇಲೂ ತಾನು ಅವನ ಕಣ್ಣಿಗೆ ರಿಬ್ಬನ್ ಅಂಗಡಿಯ ಹುಡುಗಿಯೇ.

ಒಳಗೆ ಬಂದವಳು ಕೋಟನ್ನೂ ಬಿಚ್ಚಲಿಲ್ಲ. "ಹಾರ್ಕರ್‌ಗೆ ಮಂದೆ ಕೊಟ್ಟಿದ್ದೀಯಂತೆ."

ಎಡ್ಮಂಡ್ ಕಣ್ಣು ಮುಚ್ಚಿ ಮಲಗಿದ್ದವನು ತೆರೆಯದೆಯೇ, "ಹೇಳಿದ್ನಾ" ಅಂದ.

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

"ಕೇಳಿದ್ರೆ ಏನಂತಿದ್ದೆ?"

"ಬೇಡ ಅಂತಿದ್ದೆ."

"ಯಾಕೆ ಬೇಡ?" ಈಗ ಕಣ್ಣು ತೆರೆದ. "'ಏಪ್ರಿಲ್‌ಗೆ ನೀನೇ ಎದ್ದು ಓಡಾಡ್ತೀಯ, ಅದಕ್ಕೆ ಬೇಡ' ಅಂತಿದ್ದೆ. ದಿನಾ ಹೇಳೋದು ಅದೇ ತಾನೆ? ನಾನು ಏಳೋನಾಗಿದ್ರೆ ಟಗರು ಬಿಡ್ಬೇಕು ವಿನ್ನಿ. ಏಳದೋನಾಗಿದ್ರೆ ಬಿಡಬಾರದು. ಹಿಮ ಬೀಳ್ತಿರುವಾಗ ಆ ಗುಡ್ಡದಲ್ಲಿ ಒಬ್ಳೇ ನಿಂತು, ಮತ್ತೆ ಮೊದಲಿನ ಹಾಗೆ ಆದ್ರೆ, ನಿನ್ನ ಹಿಡ್ಕೊಳ್ಳೋಕೆ ಯಾರಿರ್ತಾರೆ? ಅದೊಂದು ನನ್ ಕೈಲಿ ನೆನೆಸ್ಕೊಳ್ಳೋಕಾಗಲ್ಲ. ಹೇಳು. ನಾನು ಏಳ್ತೀನಾ, ಇಲ್ವಾ?"

ಏಳ್ತೀಯ ಅಂದರೆ ಅದು ಸುಳ್ಳು ಅಂತ ಇಬ್ಬರಿಗೂ ಗೊತ್ತು. ಇಲ್ಲ ಅಂದರೆ, ಕಟ್ಟಿಕೊಂಡ ಗಂಡನ ಮುಖಕ್ಕೆ ನೀನು ಸಾಯುತ್ತೀಯ ಅಂದಹಾಗೆ. ಯಾವ ಹೆಂಡತಿಯ ನಾಲಿಗೆ ಅದಕ್ಕೆ ತಿರುಗುತ್ತದೆ? ಕೋಳಿಗೆ ಕಾಳು ಹಾಕಬೇಕು ಅಂತ ಹೊರಗೆ ಹೊರಟುಹೋದಳು. ಆಗಲೇ ಹಾಕಿಯಾಗಿತ್ತು.

ಮರುದಿನ ಬೆಳಗ್ಗೆ ಅವಳು ಮೇಲೆ ಹೋಗಿ ಕುಸಿದ ಗೋಡೆ ಕಟ್ಟಿದಳು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸುವ ಗೋಡೆ. ದೊಡ್ಡ ಕಲ್ಲು ಎತ್ತಲಾಗದೆ ಉರುಳಿಸಿದಳು. ನೋಡಲು ಲಕ್ಷಣವಾಗಿ ಬರಲಿಲ್ಲ, ಟಗರು ಹಾರದಷ್ಟು ಎತ್ತರ ಬಂತು. ಕುರಿಗಳು ಅವಳನ್ನು ನೋಡಿ ನೋಡಿ ಮೇಯ್ದವು. ಗುಡ್ಡದ ಕುರಿಗೆ ತನ್ನ ಜಾಗ ಹುಟ್ಟಿನಿಂದ ಗೊತ್ತಿರುವುದಿಲ್ಲ, ತಾಯಿಯ ಹಿಂದೆ ಹಿಂದೆ ಅಲೆದು ಕಲಿಯಬೇಕು. ಯಾವ ಬಂಡೆ ಗಾಳಿಗೆ ಮರೆ, ಹಿಮ ಬಂದರೆ ಯಾವ ಹಳ್ಳ ಬಿಟ್ಟು ಏರಬೇಕು ಅಂತೆಲ್ಲ. ಮೇಲಿನ ಬಯಲಿಗೆ ಬೇಲಿಯಿಲ್ಲ, ಆ ಕಲಿಕೆಯೇ ಬೇಲಿ. ಎಡ್ಮಂಡನ ಅಜ್ಜನ ಕಾಲದಿಂದ ಒಂದು ವರ್ಷವೂ ಈ ಗುಡ್ಡ ಮರಿಯಿಲ್ಲದೆ ಕಳೆದಿರಲಿಲ್ಲ. ಖಾಲಿ ಬೆನ್ನಿನ ಕುರಿಗಳ ನಡುವೆ ನಿಂತಾಗ ವಿನ್ನಿಗೆ ಒಂದು ವಿಷಯ ಸ್ಪಷ್ಟವಾಯಿತು. ಅವನು ಹೋದ ಮೇಲೆ ಕುರಿಯೂ ಇಲ್ಲದ ಈ ಮನೆಯಲ್ಲಿ ಬೆಳಗ್ಗೆ ಎದ್ದು ಕೋಟು ಹಾಕಿಕೊಂಡು ಎಲ್ಲಿಗೆ ಹೋಗುವುದು ಅಂತ ಅವಳಿಗೆ ಗೊತ್ತಿರಲಿಲ್ಲ. ಏಪ್ರಿಲ್ಲಿನ ಹೆದರಿಕೆ ಇತ್ತು. ಈ ಹೆದರಿಕೆ ಅದಕ್ಕಿಂತ ದೊಡ್ಡದು.

ಶನಿವಾರ ಎಡ್ಮಂಡನಿಗೆ ಗಂಜಿ ಕುಡಿಸಿ, ಕೊಟ್ಟಿಗೆಗೆ ಹೋಗಿ ಕೆಮ್ಮಣ್ಣಿನ ಡಬ್ಬಿ ಇಳಿಸಿದಳು. ಪುಡಿಗೆ ಅಗಸೆ ಎಣ್ಣೆ ಹೊಯ್ದು ಕೋಲಿನಲ್ಲಿ ಕಲಸಿದಳು. ತೆಳ್ಳಗಾಯಿತು, ಪುಡಿ ಹಾಕಿದಳು. ಗಟ್ಟಿಯಾಯಿತು, ಎಣ್ಣೆ ಹಾಕಿದಳು. ಕೊನೆಗೆ ಎರಡು ಟಗರಿಗಾಗುವಷ್ಟು ಬಣ್ಣ ಆಗಿ ಕೂತಿತು. ಬಿಷಪ್ ದೊಡ್ಡಿಯ ಮೂಲೆಯಿಂದ ಹಳದಿ ಕಣ್ಣು ಬಿಟ್ಟು ನೋಡುತ್ತಿತ್ತು. ಕೊಂಬು ಹಿಡಿಯಲು ಹೋದವಳನ್ನು ಒಮ್ಮೆ ಗೋಡೆಗೆ ಒತ್ತಿತು, ಇನ್ನೊಮ್ಮೆ ಮಂಡಿಗೆ ಗುದ್ದಿ ಕೆಸರಲ್ಲಿ ಕೂರಿಸಿತು.

"ನೀನೂ ಹಾಗೇ ಅಂದ್ಕೊಂಡಿದ್ದೀಯಾ? ವಿನ್ನಿಗೆ ಆಗಲ್ಲ ಅಂತ?" ಅಂದಳು ಅದಕ್ಕೆ. ಎದ್ದು ಅದನ್ನು ಮೂಲೆಗೆ ನೂಕಿ, ಸೊಂಟದಿಂದ ಒತ್ತಿ ಹಿಡಿದು, ಕೈತುಂಬ ಬಣ್ಣ ಬಾಚಿ ಎದೆಗೆ ಬಳಿದಳು. ಟಗರಿನ ಎದೆ ಬೆಚ್ಚಗಿತ್ತು, ಒಳಗೆ ಹೃದಯ ಧಡಧಡ ಬಡಿಯುತ್ತಿತ್ತು. ಅದಕ್ಕೆ ಕೈ ತಗಲಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಅದರ ಕತ್ತಿಗೆ ಹಣೆ ಕೊಟ್ಟು, "ಅವನು ಸಾಯ್ತಾನೆ ಕಣೋ" ಅಂದಳು. "ಏಪ್ರಿಲ್‌ಗೆ ಇರಲ್ಲ. ಎಡ್ಮಂಡ್ ಇರಲ್ಲ." ಬಾಯಿಂದ ಆ ಮಾತು ಹೊರಟದ್ದು ಅದೇ ಮೊದಲು. ಬಿಷಪ್ ಒದರಿಕೊಂಡು ಬಿಡಿಸಿಕೊಂಡಿತು. ಅವಳು ಗೇಟು ತೆಗೆದಳು. ಅದು ತಿರುಗಿಯೂ ನೋಡದೆ ಗುಡ್ಡ ಏರಿತು.

ಬಾವಿಕಟ್ಟೆಯಲ್ಲಿ ಎಷ್ಟು ಉಜ್ಜಿದರೂ ಕೆಮ್ಮಣ್ಣು ಬಿಡಲಿಲ್ಲ. ಹಾಗೇ ಒಳಗೆ ಬಂದಳು. ಎಡ್ಮಂಡ್ ಅವಳ ಕೈ ನೋಡಿದ, ಲಂಗಕ್ಕೆ ಹತ್ತಿದ ಕೆಸರು ನೋಡಿದ. ಗೇಟಿಗೆ ಗುದ್ದುವ ಸದ್ದು ನಿಂತದ್ದು ಅವನಿಗೂ ತಿಳಿದಿತ್ತು.

"ಬಿಟ್ಯಾ?"

"ಬಿಟ್ಟೆ."

"ಯಾರಿಗೋಸ್ಕರ? ನಾನು ಎದ್ದು ಬರ್ತೀನಿ ಅಂತಾನಾ?"

ಅವಳು ಮಂಚದ ಅಂಚಿಗೆ ಕೂತಳು. "ಇಲ್ಲ. ನನಗೋಸ್ಕರ. ಏಪ್ರಿಲ್‌ನಲ್ಲಿ ನೀನಿರಲ್ಲ ಎಡ್ಮಂಡ್. ನಾನಿರ್ತೀನಿ."

ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಕೆಳಗೆ ಪೇಟೆಯಲ್ಲಿ ಯಾರೋ ಎಲೆ ಗುಡ್ಡೆ ಹಾಕಿ ಸುಡುತ್ತಿದ್ದರು, ಹೊಗೆ ನದಿಯುದ್ದಕ್ಕೂ ಹರಡಿತ್ತು. ವಿನ್ನಿಗೆ ತಾನು ಅವನನ್ನು ಕೈಯಾರ ಕೊಂದೆ ಅನ್ನಿಸಿತು.

"ಎದೆಗೆ ಹಚ್ಚಿದ್ಯೋ, ಹೊಟ್ಟೆಗೋ?" ಅಂತ ಕೇಳಿದ ಕೊನೆಗೆ.

"ಎಲ್ಲಾ ಕಡೆಗೂ. ನನ್ನ ಮೈಗೂ."

ಅವನಿಗೆ ನಗು ಬಂತು. ನಗು ಕೆಮ್ಮಾಯಿತು, ಕೆಮ್ಮಿನ ಜೊತೆಗೆ ಕಣ್ಣೀರೂ ಬಂತು. ಅವಳು ಅವನ ತಲೆ ಹಿಡಿದುಕೊಂಡಳು. ಬೇಸಗೆಯಿಂದ ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು ಅಳುತ್ತಿದ್ದವರು ಅವತ್ತು ಒಟ್ಟಿಗೆ ಅತ್ತರು. "ಇನ್ಮೇಲೆ ಆ ಏಪ್ರಿಲ್ ಮಾತು ಹೇಳ್ಬೇಡ ಹುಡುಗೀ," ಅಂದ ಎಡ್ಮಂಡ್. "ನಂಗೆ ಹೂಂ ಅಂದು ಅಂದು ಸಾಕಾಗಿದೆ."

ಮುಂದಿನ ಗುರುವಾರ ಪೇಟೆ ಕತ್ತೆತ್ತಿ ನೋಡಿ ಗೊಂದಲಕ್ಕೆ ಬಿತ್ತು. ನೀಲಿಯ ನಡುವೆ ಕೆಂಪು. ವಿನ್ನಿ ಯಾರಿಗೂ ಬಿಡಿಸಿ ಹೇಳಲಿಲ್ಲ. ಹಾರ್ಕರನನ್ನು ಹುಡುಕಿಕೊಂಡು ಹೋಗಿ, ಮಂದೆ ಕೊಡುವುದಿಲ್ಲ, ಎಡ್ಮಂಡನ ಮಾತನ್ನು ತಾನು ವಾಪಸು ತೆಗೆದುಕೊಳ್ಳುತ್ತಿದ್ದೇನೆ ಅಂದಳು. ನಮ್ಮ ಗುಡ್ಡದಲ್ಲಿ ಕೈ ಕುಲುಕಿದ ಮಾತು ಮುರಿಯುವುದು ಸಣ್ಣ ಸಂಗತಿಯಲ್ಲ. ಹಾರ್ಕರ್ ದವಡೆ ಬಿಗಿದುಕೊಂಡು ನಿಂತ. "ಹಿಮ ಬಿದ್ದಾಗ ನನ್ ಬಾಗ್ಲು ತಟ್ಟಬೇಡ" ಅಂದ. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತು, "ತಟ್ಟೋದಾದ್ರೆ ಜೋರಾಗಿ ತಟ್ಟು. ನನ್ನ ಹೆಂಡ್ತಿಗೆ ಕಿವಿ ಕೇಳ್ಸಲ್ಲ" ಅಂದ.

ಆ ಚಳಿಗಾಲ ಎಡ್ಮಂಡ್ ಮಾತಾಡಿದಷ್ಟು ಹಿಂದಿನ ಅಷ್ಟೂ ವರ್ಷದಲ್ಲಿ ಮಾತಾಡಿರಲಿಲ್ಲ. ಒಂದೊಂದು ಕುರಿಯ ಗುಣವನ್ನೂ ಹೇಳಿದ. ಕಿವಿ ಸೀಳಿದ್ದು ಎಲ್ಲರನ್ನೂ ಬಿಟ್ಟು ಹಳ್ಳದ ಹತ್ತಿರ ಹೋಗಿ ಈಯುತ್ತದೆ, ಹುಡುಕಬೇಕು. ಕುಂಟಿ ಮೊದಲ ಮರಿಯನ್ನು ನೆಕ್ಕಿ ಎರಡನೆಯದನ್ನು ಮರೆಯುತ್ತದೆ. ಮರಿಯ ತಲೆ ಸಿಕ್ಕಿಕೊಂಡರೆ ಮೊದಲು ಕಾಲು ಹುಡುಕು, ಎಳೆಯಬೇಡ, ಕುರಿ ತಿಣುಕಿ ಮುಕ್ಕಿದಾಗ ಮಾತ್ರ ನೀನೂ ಎಳಿ. ತನ್ನ ಮುಷ್ಟಿಯನ್ನೇ ಮರಿಯ ತಲೆಯಂತೆ ಹೊದಿಕೆಯೊಳಗೆ ಇಟ್ಟು, ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ಹುಡುಕು ಅನ್ನುತ್ತಿದ್ದ. ದಿನೇ ದಿನೇ ಆ ಮುಷ್ಟಿ ಸಣ್ಣದಾಗುತ್ತಾ ಹೋಯಿತು. ಕ್ರಿಸ್‌ಮಸ್ ಕಳೆಯಿತು, ಫೆಬ್ರವರಿಯ ಹಿಮ ಕಳೆಯಿತು, ಅವನು ಹೋಗಲಿಲ್ಲ. ಬೆನ್ನು ನೀಲಿಯಾಗಿದ್ದ ಕುರಿಗಳು ಮೊದಲು ಈದವು, ಯಾರ ಕೈಯೂ ಬೇಕಾಗಲಿಲ್ಲ. ಅವನು ಬದುಕಿಯೇ ಇದ್ದ. ಅಷ್ಟು ಹೊತ್ತಿಗೆ ಅವನಿಗೆ ನೀರು ಇಳಿಯುವುದೂ ಕಷ್ಟವಾಗಿತ್ತು.

ಏಪ್ರಿಲ್ ನಡುವೆ ಒಂದು ಬೆಳಗ್ಗೆ, ಆಲಿಕಲ್ಲು ಮಿಶ್ರಿತ ಮಳೆ ಬೀಳುತ್ತಿತ್ತು. ವಿನ್ನಿ ಅವನ ಪಕ್ಕದಲ್ಲಿ ಕೂತಿದ್ದಳು. ಉಸಿರು ನಿಲ್ಲುವುದು, ಮತ್ತೆ ಶುರುವಾಗುವುದು ಆಗುತ್ತಿತ್ತು. ಇನ್ನು ಹೆಚ್ಚು ಹೊತ್ತು ಇಲ್ಲ ಅಂತ ಅವಳಿಗೆ ತಿಳಿದಿತ್ತು. ಹಿತ್ತಲಲ್ಲಿ ನಾಯಿ ಬೊಗಳಿತು. ಅಡುಗೆಮನೆಯ ಕಿಟಕಿಗೆ ಹೋಗಿ ನೋಡಿದರೆ ಗುಡ್ಡದ ಬುಡದಲ್ಲಿ ಒಂದು ಕುರಿ ಕಾಲು ಚಾಚಿ ಮಲಗಿ ಮುಕ್ಕುತ್ತಿತ್ತು. ಹಾರ್ಕರನ ಮನೆಗೆ ಓಡಿ ಅವನನ್ನು ಕರೆತರುವಷ್ಟು ಹೊತ್ತು ಆ ಕುರಿಗಿರಲಿಲ್ಲ. ವಾಪಸು ಬಂದು ಬಾಗಿಲಲ್ಲಿ ನಿಂತಳು.

ಎಡ್ಮಂಡ್ ಕಣ್ಣು ತೆರೆದಿದ್ದ. "ಯಾವುದು?"

"ಕರೀಮೂತಿದು."

"ಅದರ ಮರಿ ದೊಡ್ಡದಿರುತ್ತೆ. ಹೋಗು."

"ನಾನು ಹೋಗಲ್ಲ. ಇಲ್ಲೇ ಇರ್ತೀನಿ."

"ಹೋಗು ಹುಡುಗೀ" ಅಂದ.

ಅವಳು ಅವನ ಕೆನ್ನೆಗೆ ಕೆನ್ನೆ ಒತ್ತಿದಳು. ಕೋಟು ಹಾಕಿಕೊಂಡು ಓಡಿದಳು.

ಮರಿಯ ಒಂದು ಕಾಲು ಹಿಂದಕ್ಕೆ ಮಡಿಚಿಕೊಂಡಿತ್ತು. ಕಣ್ಣು ಮುಚ್ಚಿಕೊಂಡು ಹುಡುಕಿದಳು, ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು, ಮೆಲ್ಲಗೆ ಮುಂದಕ್ಕೆ ತಿರುಗಿಸಿದಳು. ಕುರಿ ಮುಕ್ಕಿದಾಗ ಎಳೆದಳು, ನಿಲ್ಲಿಸಿದಾಗ ನಿಲ್ಲಿಸಿದಳು. ಎಷ್ಟು ಹೊತ್ತಾಯಿತೋ ಗೊತ್ತಾಗಲಿಲ್ಲ. ಮರಿ ಜಾರಿ ಹುಲ್ಲಿನ ಮೇಲೆ ಬಿತ್ತು, ಹಳದಿ ಲೋಳೆ ಮೆತ್ತಿಕೊಂಡು, ಉಸಿರಿಲ್ಲದೆ. ಮೂಗು ಒರೆಸಿ ಊದಿದಳು, ಹುಲ್ಲಿನಿಂದ ತಿಕ್ಕಿದಳು. ಅದು ತಲೆ ಒದರಿ ಸೀನಿತು. ತಾಯಿ ತಿರುಗಿ ಗೊಣಗುತ್ತಾ ನೆಕ್ಕಲು ಶುರುಮಾಡಿತು.

ವಿನ್ನಿ ಕೆಳಗೆ ಓಡಿಬಂದು ಮುಂಗೋಣೆಯ ಬಾಗಿಲು ತಳ್ಳಿದಳು. ಅವನ ಮುಖ ಬಾಗಿಲ ಕಡೆಗೇ ಇತ್ತು, ಕಣ್ಣು ತೆರೆದಿತ್ತು, ಉಸಿರು ಇರಲಿಲ್ಲ.

"ತಾಯಿ, ಮರಿ ಎರಡೂ ಬದುಕಿವೆ" ಅಂತ ಹೇಳಿದಳು ಅವನಿಗೆ. "ಕಾಲು ಮಡಿಚ್ಕೊಂಡಿತ್ತು, ನೀನು ಹೇಳಿದ ಹಾಗೇ ತಿರುಗಿಸ್ದೆ. ಗಂಡು ಮರಿ."

ಆಮೇಲೆ ಕೈ ತೊಳೆದುಕೊಂಡು ಬಂದು ಅವನ ಕಣ್ಣು ಮುಚ್ಚಿದಳು.